ಪೆಲ್ಟಿಯರ್ ಕೂಲರೋ ಐಸ್ ಡಬ್ಬಿಯೋ: ಉಡುಪಿ ಸೆಕೆಯಲ್ಲಿ ಮಾಡಿ ನೋಡಿದ್ದು

ಉಡುಪಿಯ ಏಪ್ರಿಲ್ ಸೆಕೆಯಲ್ಲಿ ಪುನರ್ಪುಳಿ ಶರಬತ್ತು ಅರ್ಧ ಕುಡಿಯುವಷ್ಟರಲ್ಲಿ ಬೆಚ್ಚಗಾಗಿರುತ್ತದೆ. ಘಟ್ಟದ ಮೇಲಿನವರ ಹಾಗೆ ಮಣ್ಣಿನ ಹೂಜಿ ಇಡೋಣ ಅಂದರೆ ಇಲ್ಲಿನ ಗಾಳಿಯಲ್ಲೇ ನೀರು ತುಂಬಿದೆ, ಹೂಜಿಯ ನೀರು ಆರುವುದೇ ಇಲ್ಲ. ಹಾಗಾಗಿ ಆರ್ಡುಯಿನೋ ನ್ಯಾನೋ (ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್) ಇಟ್ಟುಕೊಂಡು ಮೂರು ತರಹದ ಕೂಲರ್ ಮಾಡಿ ನೋಡಿದೆ.

ಮೊದಲನೆಯದು ವಿಡಿಯೋಗಳಲ್ಲಿ ತೋರಿಸುವ ಪೆಟ್ಟಿಗೆ. ಮಲ್ಪೆಯಲ್ಲಿ ಮೀನು ತುಂಬುತ್ತಾರಲ್ಲ, ಅಂಥ ಥರ್ಮಾಕೋಲ್ ಪೆಟ್ಟಿಗೆ (ಹೊಸದು ತನ್ನಿ ಮಾರಾಯ್ರೆ, ಹಳೆಯದರ ವಾಸನೆ ಹೋಗುವುದಿಲ್ಲ), ಮುಚ್ಚಳದಲ್ಲಿ ಪೆಲ್ಟಿಯರ್ (ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿ ಆಗುವ ಬಿಲ್ಲೆ), ಒಳಗೊಂದು ಹೊರಗೊಂದು ಫ್ಯಾನ್. ಒಳಗಿನ ಗಾಳಿ ತಣ್ಣಗಾಗುತ್ತದೆ, ಬಾಟಲಿ ಮಾತ್ರ ಗಂಟೆಗಟ್ಟಲೆ ಹಾಗೇ ಕೂತಿರುತ್ತದೆ. ಬಿಟ್ಟುಬಿಡಿ.

ಎರಡನೆಯದು ಅದೇ ಟಿಇಸಿ1-12706 ಪೆಲ್ಟಿಯರ್ ಮೇಲೆ ನೇರವಾಗಿ ಅಲ್ಯುಮಿನಿಯಂ ಕಪ್. ಇದು ಎಷ್ಟೋ ವಾಸಿ. ಪುನರ್ಪುಳಿ ಹುಳಿ, ಅಲ್ಯುಮಿನಿಯಂಗೆ ಆಗದು, ಹಾಗಾಗಿ ಒಳಗೆ ಸ್ಟೀಲ್ ಲೋಟ ಇಟ್ಟು ನಡುವಿನ ಸಂದಿಗೆ ಸ್ವಲ್ಪ ನೀರು ಹಾಕಬೇಕು, ಇಲ್ಲದಿದ್ದರೆ ಆ ಸಂದಿಯ ಗಾಳಿಯೇ ತಂಪನ್ನು ತಡೆಯುತ್ತದೆ. ಆದರೆ ಲೆಕ್ಕ ನೋಡಿ. 300 ಮಿಲಿ ಶರಬತ್ತನ್ನು 30 ಡಿಗ್ರಿಯಿಂದ 10ಕ್ಕೆ ಇಳಿಸಲು ಸುಮಾರು 25 ಕಿಲೋಜೂಲ್ ಬಿಸಿ ಹೊರಗೆ ಹೋಗಬೇಕು. 12 ವೋಲ್ಟಿನಲ್ಲಿ ಈ ಪೆಲ್ಟಿಯರ್ ಐವತ್ತು ವಾಟಿನ ಆಸುಪಾಸು ಕರೆಂಟ್ ತಿಂದು, ನಮ್ಮ ಸೆಕೆಯಲ್ಲಿ ಲೋಟದಿಂದ ಹೊರಗೆ ಹಾಕುವುದು ಹೆಚ್ಚೆಂದರೆ ಹದಿನೈದು ಇಪ್ಪತ್ತು ವಾಟಿನಷ್ಟು ಬಿಸಿ. ಲೆಕ್ಕದಲ್ಲೇ ಅರ್ಧ ಗಂಟೆ, ನಿಜದಲ್ಲಿ ಒಂದು ಗಂಟೆಯೂ ದಾಟುತ್ತದೆ. ಅಷ್ಟರಲ್ಲಿ ಬಾಯಾರಿಕೆಯೇ ಹೋಗಿರುತ್ತದೆ, ಅಲ್ವಾ?

ಕಪ್ಪಿನ ಪೆಲ್ಟಿಯರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡಲು ರಿಲೇ (ಕರೆಂಟಿನಿಂದ ಆನ್ ಆಫ್ ಆಗುವ ಸ್ವಿಚ್) ಮತ್ತು ಮಾಸ್‌ಫೆಟ್ (ಚಲಿಸುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಎರಡನ್ನೂ ಹಾಕಿ ನೋಡಿದೆ. ರಿಲೇ ಬೇಡ. ಟಕ್ ಟಕ್ ಶಬ್ದ ಬೇರೆ, ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ ಪೆಲ್ಟಿಯರ್ ಪೂರ್ತಿ ಆಫ್ ಆದ ಕೂಡಲೇ ಬಿಸಿ ಬದಿಗೆ ಅಂಟಿಸಿದ ರೆಕ್ಕೆ ರೆಕ್ಕೆಯ ಲೋಹದ ತುಂಡಿನ, ಅಂದರೆ ಹೀಟ್‌ಸಿಂಕಿನ ಬಿಸಿ ಅದರ ಮೂಲಕವೇ ವಾಪಸ್ ಲೋಟಕ್ಕೆ ಹರಿಯುತ್ತದೆ. ಮಾಸ್‌ಫೆಟ್ ಇದ್ದರೆ ನ್ಯಾನೋ ಕರೆಂಟನ್ನು ಕಡಿಮೆ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಐಆರ್‌ಎಲ್‌ಝಡ್44ಎನ್ ಅನ್ನುವ ಮಾಸ್‌ಫೆಟ್ ಕೇಳಿ ತನ್ನಿ. ಐಆರ್‌ಎಫ್540ಎನ್ ಕೊಟ್ಟರೆ ಬೇಡ ಅನ್ನಿ, ಅದು ನ್ಯಾನೋದ 5 ವೋಲ್ಟಿಗೆ ಪೂರ್ತಿ ತೆರೆದುಕೊಳ್ಳದೆ ತಾನೇ ಬಿಸಿಯಾಗುತ್ತದೆ. ಇನ್ನೊಂದು ವಿಷಯ ಬೆವರು. ಕರಾವಳಿಯ ಗಾಳಿಯಲ್ಲಿ ತಣ್ಣಗಿನ ಲೋಹದ ಮೇಲೆಲ್ಲ ನೀರು ಕೂರುತ್ತದೆ, ಪೆಲ್ಟಿಯರಿನ ಅಂಚಿಗೆ ಸಿಲಿಕಾನ್ ಸೀಲೆಂಟ್ ಹಚ್ಚದಿದ್ದರೆ ಆ ನೀರು ಒಳಗಿಳಿದು ಅದರ ಕಥೆ ಮುಗಿಯುತ್ತದೆ.

ಮೂರನೆಯದರಲ್ಲಿ ಪೆಲ್ಟಿಯರೇ ಇಲ್ಲ. ಅದೇ ಥರ್ಮಾಕೋಲ್ ಪೆಟ್ಟಿಗೆ, ಐಸ್, ನೀರು, ಒಂದು ಹಿಡಿ ಕಲ್ಲುಪ್ಪು, ಮತ್ತೆ ಸ್ಟೀಲ್ ಬಾಟಲಿಯನ್ನು ಅಡ್ಡ ಮಲಗಿಸಿ ನಿಧಾನಕ್ಕೆ ತಿರುಗಿಸುವ ಗೇರ್ ಮೋಟರ್. ಐದಾರು ನಿಮಿಷದಲ್ಲಿ ಹಲ್ಲು ಜುಮ್ ಅನ್ನುವಷ್ಟು ತಂಪು! ಆ 25 ಕಿಲೋಜೂಲಿಗೆ ಕರಗಬೇಕಾದ ಐಸ್ ಬರೀ 75 ಗ್ರಾಂ. ತಿರುಗಿಸುವುದೇ ಇಲ್ಲಿ ಮುಖ್ಯ, ಸುಮ್ನೆ ಮುಳುಗಿಸಿಟ್ಟರೆ ಗೋಡೆಯ ಹತ್ತಿರದ ಶರಬತ್ತು ಮಾತ್ರ ತಣ್ಣಗಾಗುತ್ತದೆ. ತಿರುಗುವ ಬಾಟಲಿಯೊಳಗೆ ತಾಪಮಾನ ಅಳೆಯುವ ಡಿಎಸ್18ಬಿ20 ಸೆನ್ಸರ್ ಇಳಿಸಲಾಗದು, ಐಸಿನಲ್ಲಿ ಇಟ್ಟರೆ ಯಾವಾಗಲೂ ಸೊನ್ನೆಯ ಆಸುಪಾಸು ತೋರಿಸುತ್ತದೆ, ಹಾಗಾಗಿ ನ್ಯಾನೋಗೆ ಟೈಮರ್ ಕೆಲಸ ಅಷ್ಟೇ. ಮೈಕ್ರೋಕಂಟ್ರೋಲರ್ ಕಲಿಯುವ ಆಸೆಗೆ ಮಾಡುವವರಿಗೆ ಇದು ಸಪ್ಪೆ.

ನಾನೀಗ ಐಸ್ ಡಬ್ಬಿಯಲ್ಲಿ ತಣ್ಣಗೆ ಮಾಡಿ ಕಪ್ಪಿನಲ್ಲಿ ಇಟ್ಟುಕೊಂಡು ಕುಡಿಯುತ್ತೇನೆ. ಮೊದಲೇ ತಂಪಿದ್ದದ್ದನ್ನು ತಂಪಾಗಿ ಇಡಲು ಪೆಲ್ಟಿಯರ್ ಒಳ್ಳೆಯದೇ. ಒಂದೇ ಮಾಡುವುದಾದರೆ ಐಸ್ ಡಬ್ಬಿ ಮಾಡಿ. ಕಪ್ಪೇ ಬೇಕು ಅನ್ನುವವರು ಪೆಲ್ಟಿಯರ್‌ಗಿಂತ ಹೀಟ್‌ಸಿಂಕಿಗೆ ಜಾಸ್ತಿ ದುಡ್ಡು ಹಾಕಿ, ಹಳೆ ಕಂಪ್ಯೂಟರಿನಿಂದ ಹೀಟ್‌ಪೈಪ್ (ಬಿಸಿಯನ್ನು ಬೇಗ ಸಾಗಿಸುವ ಕೊಳವೆ) ಇರುವ ಸಿಪಿಯು ಕೂಲರ್ ಸಿಕ್ಕರೆ ಬಿಡಬೇಡಿ.