12 ಗೇಜ್ ಚೈನ್‌ಲಿಂಕ್ ಬೇಲಿ, ಏಳು ವರ್ಷದ ಮೇಲೆ: ಜಾಲರಿ ಗಟ್ಟಿ, ಕಟ್ಟು ಸೋತಿದೆ

ಶ್ರೀನಿವಾಸಪುರ ಸೀಮೆಯ ಎರಡು ಎಕರೆ ಮಾವಿನ ತೋಟ. ಸುತ್ತಳತೆ ಹತ್ತಿರ ಹತ್ತಿರ 1,200 ಅಡಿ. ಜಾಲರಿ 12 ಗೇಜ್ (ಈ ಸಂಖ್ಯೆ ಇಳಿದಷ್ಟು ತಂತಿ ದಪ್ಪ) ಜಿ.ಐ., ಅಂದರೆ ಸತುವಿನ ಲೇಪದ ಕಬ್ಬಿಣ, ಎರಡಿಂಚಿನ ಕಣ್ಣು, ಐದಡಿ ಎತ್ತರ, 50 ಅಡಿಯ 24 ರೋಲ್. ಎಂಟಡಿಗೊಂದು ಕಲ್ಲುಕೂಚ (ಕಲ್ಲಿನ ಕಂಬ), ಏಳಡಿ ಉದ್ದದ್ದು, ಎರಡಡಿ ನೆಲದೊಳಗೆ. ಮೇಲೆ, ನಡುವೆ, ಕೆಳಗೆ ಒಂದೊಂದು ಅಡ್ಡ ತಂತಿ. ಏಳು ಮಳೆಗಾಲ ಕಳೆದ ಮೇಲೆ ಜಾಲರಿಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಅದನ್ನು ಕಂಬಕ್ಕೆ ಕಟ್ಟಿದ ರೀತಿಗೆ ಒಂದೂವರೆ ಕೊಟ್ಟರೂ ಹೆಚ್ಚೇ. ಈ ಏಳು ವರ್ಷದಲ್ಲಿ ಆದ ರಿಪೇರಿಯಲ್ಲಿ ಮುಕ್ಕಾಲು ಪಾಲು ಜಾಲರಿಯದ್ದಲ್ಲ, ಕಟ್ಟಿನದ್ದು.

ಬೇಲಿ ಹಾಕುವ ತಂಡಗಳು ಸಾಮಾನ್ಯವಾಗಿ ಕಂಬಿ ಕಟ್ಟುವ ಕಪ್ಪು ಬೈಂಡಿಂಗ್ ವೈರನ್ನೇ ತಂದು ಸುತ್ತಿ ಹೋಗುತ್ತಾರೆ. ಅದು ಸತುವಿನ ಲೇಪ ಇಲ್ಲದ, ಕಾಯಿಸಿ ಮೆತ್ತಗೆ ಮಾಡಿದ ತೆಳು ಕಬ್ಬಿಣ. ಕಾಂಕ್ರೀಟಿನೊಳಗೆ ಹೂತು ಹೋಗಲೆಂದೇ ಮಾಡಿದ್ದು, ಬಿಸಿಲು ಮಳೆಗಲ್ಲ. ಎರಡನೇ ಹಿಂಗಾರಿಗೆಲ್ಲ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಒಂದು ಕಟ್ಟು ಹೋದರೆ ಅದರ ಭಾರ ಪಕ್ಕದ ಕಟ್ಟಿಗೆ, ಅದೂ ಹೋದರೆ ಅಡ್ಡ ತಂತಿಗೆ. ಆಮೇಲೆ ಜಾಲರಿ ಹೊಟ್ಟೆ ಬಿಡುತ್ತದೆ, ನೋಡಿದವರು ಜಾಲರಿಯೇ ಸರಿ ಇಲ್ಲ ಅನ್ನುತ್ತಾರೆ. ಇದಕ್ಕೆ 14 ಗೇಜ್ ಜಿ.ಐ. ತಂತಿಯೇ ಬೇಕು. ಕಲ್ಲಿನ ಸುತ್ತಳತೆ 22 ಇಂಚು ಇದ್ದರೆ ತಿರುಚಲು ಬೇಕಾದ್ದು ಸೇರಿ ಒಂದು ಕಟ್ಟಿಗೆ 30 ಇಂಚು, ಕಂಬಕ್ಕೆ ನಾಲ್ಕು ಕಟ್ಟೆಂದರೆ ಹತ್ತಡಿ. ಒಂದು ಕೆ.ಜಿ. 14 ಗೇಜ್ ತಂತಿ ಸುಮಾರು 128 ಅಡಿ ಬರುತ್ತದೆ, ಅಂದರೆ ಹನ್ನೆರಡು ಕಂಬಕ್ಕೆ ಸಾಕು. ಇಡೀ ಬೇಲಿಯ 150 ಕಂಬಕ್ಕೆ 12–13 ಕೆ.ಜಿ. ಬೇಲಿಯ ಒಟ್ಟು ಖರ್ಚಿನ ಮುಂದೆ ಇದು ಲೆಕ್ಕಕ್ಕೇ ಬಾರದ ಮೊತ್ತ, ಆದರೂ ಇಲ್ಲೇ ಉಳಿಸಲು ಹೋಗುತ್ತಾರೆ.

ಕಲ್ಲುಕೂಚದ್ದು ಇನ್ನೊಂದು ತಕರಾರು. ಕಲ್ಲು ಮೇಲಕ್ಕೆ ಹೋದಂತೆ ಸಣ್ಣದಾಗಿದ್ದರೆ ಕಟ್ಟು ಮೇಲಕ್ಕೆ ಜಾರಿ ಸಡಿಲವಾಗುತ್ತದೆ, ಬುಡ ಸಣ್ಣದಾಗಿದ್ದರೆ ಕೆಳಕ್ಕೆ. ಕಟ್ಟು ಬರುವ ಕಡೆ ಎರಡು ಅಂಚಿನಲ್ಲಿ ಉಳಿಯಿಂದ ಕಾಲಿಂಚು ಕಚ್ಚು ಹಾಕಿ ತಂತಿ ಕೂರಿಸಿದರೆ ಜಾರುವುದಿಲ್ಲ. ಕಚ್ಚಿನ ಚೂಪನ್ನು ಸುತ್ತಿಗೆಯಲ್ಲಿ ಮೊಂಡು ಮಾಡುವುದನ್ನು ಮರೆತರೆ ಗಾಳಿಗೆ ಆಡಿ ಆಡಿ ತಂತಿ ಅಲ್ಲೇ ಸವೆದು ತುಂಡಾಗುತ್ತದೆ.

ಇನ್ನು ಜಾಲರಿ ಹರಿದಾಗ. ಕಾಯಿ ಬಲಿಯುವ ಏಪ್ರಿಲ್–ಮೇ ತಿಂಗಳಲ್ಲಿ ಯಾರೋ ಕತ್ತರಿಸಿದ ಕಿಂಡಿ, ಇಲ್ಲವೇ ಮೇಲೆ ಬಿದ್ದ ಕೊಂಬೆ. ಈ ಜಾಲರಿಯ ದೊಡ್ಡ ಗುಣ ತಿಳಿಯುವುದು ಆಗಲೇ. ಇದು ಬೆಸುಗೆ ಹಾಕಿದ ಮೆಶ್ ಅಲ್ಲ, ಬಲೆಯ ಹಾಗೆ ಗಂಟು ಹಾಕಿದ್ದೂ ಅಲ್ಲ. ಮೇಲಿಂದ ಕೆಳಗೆ ಇಳಿಯುವ ಚಪ್ಪಟೆ ಸುರುಳಿಯ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ನಿಂತಿವೆ, ಅಷ್ಟೆ. ಎರಡಿಂಚಿನ ಕಣ್ಣಿನಲ್ಲಿ ಒಂದಡಿ ಅಗಲಕ್ಕೆ ಎಂಟೂವರೆ ಎಳೆ. ಯಾವ ಎಳೆಯನ್ನಾದರೂ ಸ್ಕ್ರೂ ಬಿಚ್ಚಿದಂತೆ ತಿರುಗಿಸಿ ಮೇಲಕ್ಕೆ ತೆಗೆಯಬಹುದು, ಹಾಗೆಯೇ ಇಳಿಸಬಹುದು. ಒಂದು ಸುತ್ತು ತಿರುಗಿಸಿದರೆ ಒಂದು ಕಣ್ಣು, ಅಂದರೆ ಮೂಲೆಯಿಂದ ಮೂಲೆಗೆ ಸುಮಾರು 71 ಮಿ.ಮೀ. ಏರುತ್ತದೆ. ಐದಡಿಗೆ 21–22 ಸುತ್ತು. ಕಟಿಂಗ್ ಪ್ಲೇಯರ್ ಎರಡು, ಒಂದು ಏಣಿ ಇಲ್ಲವೇ ಸ್ಟೂಲು, ಹಿಡಿಯಲು ಇನ್ನೊಬ್ಬರು ಇದ್ದರೆ ಸಾಕು, ವೆಲ್ಡಿಂಗ್ ಬೇಡ. ಬೆಸುಗೆ ಹಾಕಿದರೆ ಸುತ್ತಲಿನ ಸತು ಸುಟ್ಟು ಅಲ್ಲಿಂದಲೇ ತುಕ್ಕು ಶುರು, ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ.

ಕತ್ತರಿಸುವ ಮೊದಲು ಕಿಂಡಿಯ ಎರಡೂ ಪಕ್ಕದ ಒಳ್ಳೆಯ ಜಾಲರಿಗೆ ಒಂದೊಂದು 8 ಮಿ.ಮೀ. ಸರಳನ್ನು ನೆಟ್ಟಗೆ ಪೋಣಿಸಿ, ಸರಳಿಂದ ಸರಳಿಗೆ ಹಗ್ಗ ಬಿಗಿಯಿರಿ. ಇದನ್ನು ಬಿಟ್ಟರೆ ಎಳೆತದಲ್ಲಿರುವ ಜಾಲರಿ ಎರಡು ಕಡೆಗೂ ಸರಿದು ಮೂರಡಿಯ ಕಿಂಡಿ ಮೂರೂವರೆ ಆಗುತ್ತದೆ, ಆಮೇಲೆ ಯಾವ ತೇಪೆಯೂ ಕೂರುವುದಿಲ್ಲ. ಹಾಳಾದ ಭಾಗದ ಆಚೀಚೆ ಒಂದೊಂದು ಪೂರ್ತಿ ಎಳೆ ಆರಿಸಿಕೊಂಡು ಅದರ ಮೇಲಿನ ಕೊಕ್ಕೆಯನ್ನೂ ಕೆಳಗಿನ ಕೊಕ್ಕೆಯನ್ನೂ (ಪಕ್ಕದ ಎಳೆಗೆ ಸಿಕ್ಕಿಸಿ ಬಾಗಿಸಿದ ತುದಿಗಳು) ನೆಟ್ಟಗೆ ಮಾಡಿ. ಮೇಲೆ ಜೊತೆಯಾಗಿರುವ ಎಳೆಯೇ ಕೆಳಗೂ ಜೊತೆ ಇರಬೇಕೆಂದಿಲ್ಲ, ಕಣ್ಣಿಟ್ಟು ನೋಡಿಯೇ ಬಿಚ್ಚಬೇಕು. ಎಳೆ ಎರಡು ಸುತ್ತಿಗೇ ಬಿಗಿಯಾದರೆ ಒಂದೋ ತಿರುಗಿಸುವ ದಿಕ್ಕು ತಪ್ಪಿದೆ, ಇಲ್ಲ ಕೆಳಗಿನ ಕೊಕ್ಕೆ ಇನ್ನೂ ಹಿಡಿದಿದೆ. ಜೋರು ಮಾಡಬೇಡಿ, ಬಾಗಿದ ಎಳೆ ಮತ್ತೆ ಪೋಣಿಸಲು ಬಾರದು.

ತೆಗೆದ ಎಳೆಗಳನ್ನು ಎಣಿಸಿ. 26 ತೆಗೆದಿದ್ದರೆ ತೇಪೆಯಲ್ಲಿ 24 ಎಳೆ ಇರಬೇಕು, ಉಳಿದ ಎರಡು ಆ ಕಡೆ ಈ ಕಡೆ ಸೇರಿಸುವ ಎಳೆಗಳು. ತೇಪೆಯನ್ನು ಜಾಗಕ್ಕೆ ಹಿಡಿದಾಗ ಬೇಲಿಯ ಅಂಚಿನ ಎಳೆಯೂ ತೇಪೆಯ ಅಂಚಿನ ಎಳೆಯೂ ಮೇಲ್ತುದಿಯಲ್ಲಿ ಒಂದೇ ಕಡೆಗೆ ವಾಲಿರಬೇಕು. ಎದುರುಬದುರು ವಾಲಿದ್ದರೆ ಅರ್ಧ ಕಣ್ಣು ಏರುಪೇರಾಗುತ್ತದೆ. ತೇಪೆಯ ಒಂದು ಪಕ್ಕದ ಎಳೆ ಬಿಚ್ಚಿ ಇನ್ನೊಂದು ಪಕ್ಕಕ್ಕೆ ಪೋಣಿಸಿದರೆ ಹೊಂದುತ್ತದೆ. ಸೇರಿಸುವ ಎಳೆ ಮೇಲಿಂದ ಇಳಿಯುವಾಗ ಎಡಗಡೆಯ ಕಣ್ಣು, ಬಲಗಡೆಯ ಕಣ್ಣು ಎಂದು ಸರದಿಯಂತೆ ಹಿಡಿಯುತ್ತಾ ಹೋಗಬೇಕು. ಒಂದು ಕಣ್ಣು ತಪ್ಪಿದ್ದು ಹತ್ತು ಸುತ್ತಿನ ಮೇಲೆ ಗೊತ್ತಾದರೆ ಹತ್ತನ್ನೂ ಹಿಂದಕ್ಕೆ ತಿರುಗಿಸುವುದೇ ದಾರಿ. ಕೊನೆಗೆ ಮೇಲೆ ಕೆಳಗೆ ಕೊಕ್ಕೆ ಹಾಕಿ, ಸರಳುಗಳ ಹಗ್ಗ ಬಿಡಿ. ಕೈಪಳಗಿದ ಇಬ್ಬರಿಗೆ ಮೂರಡಿಯ ತೇಪೆಗೆ ಒಂದು ತಾಸು, ಮೊದಲ ಸಲ ಮಾಡುವವರಿಗೆ ಅರ್ಧ ದಿನ.

ಇಷ್ಟೆಲ್ಲ ಕೈಗೂಡುವುದು ತೇಪೆ ಅದೇ ಜಾಲರಿಯದ್ದಾಗಿದ್ದರೆ ಮಾತ್ರ. ಅಂಗಡಿಯಲ್ಲಿ 'ಎರಡಿಂಚು' ಅನ್ನುವುದೆಲ್ಲ ಒಂದೇ ಅಳತೆಯಲ್ಲ. ಒಂದು ಮೆಷಿನ್‌ದು 50 ಮಿ.ಮೀ., ಇನ್ನೊಂದರದ್ದು 52. ಎರಡು ಮಿ.ಮೀ. ಏನು ಮಹಾ ಅನಿಸುತ್ತದೆ, ಆದರೆ ಐದಡಿ ಇಳಿಯುವಷ್ಟರಲ್ಲಿ ಆ ಅಂತರ ಎರಡಿಂಚು ದಾಟುತ್ತದೆ, ಎಳೆ ನಡುವಿನಲ್ಲೇ ಸಿಕ್ಕಿಬೀಳುತ್ತದೆ. ಆದ್ದರಿಂದ ಬೇಲಿ ಹಾಕಿಸುವ ದಿನವೇ ಕೊನೆಯ ರೋಲಿನ ಐದಾರಡಿ ತುಂಡನ್ನು ಕೊಟ್ಟಿಗೆಯಲ್ಲಿ ಎತ್ತಿಡಿ. ಅದು ಇಲ್ಲದಿದ್ದರೆ ಬೇರೆ ಜಾಲರಿಯನ್ನು ಎರಡೂ ಕಡೆ ಎರಡೆರಡು ಕಣ್ಣು ಮೇಲೆ ಬರುವಂತೆ ಹೊದಿಸಿ 14 ಗೇಜ್ ತಂತಿಯಲ್ಲಿ ಕಣ್ಣು ಬಿಟ್ಟು ಕಣ್ಣು ಹೊಲಿಯಬೇಕು. ಚೆಂದ ಕಾಣುವುದಿಲ್ಲ, ನಿಲ್ಲುತ್ತದೆ.

ಬಿಗಿ ಎಷ್ಟು ಬೇಕು? ಒಂದು ಕಣ್ಣಿನ ಎದುರುಬದುರು ತಂತಿಗಳನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಂಡಿ. ಕಾಲಿಂಚು ಒಳಗೆ ಬಂದರೆ ಸರಿ. ಅರ್ಧ ಇಂಚು ಬಂದರೆ ಸಡಿಲ, ಅಲ್ಲಾಡದೇ ಇದ್ದರೆ ಅತಿ ಬಿಗಿ. ರ‍್ಯಾಚೆಟ್ ಪುಲ್ಲರನ್ನು (ಜಾಲರಿ ಎಳೆದು ಬಿಗಿಯುವ ಸಾಧನ) ಕಲ್ಲುಕೂಚದ ತಲೆಗೆ ಹಾಕಿ ಎಳೆಯುವವರಿದ್ದಾರೆ, ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಕಲ್ಲು ಭಾರ ಹೊರುತ್ತದೆ, ಬಾಗಿಸಿದರೆ ತಡೆಯದು. ನೆಲದ ಮಟ್ಟದಲ್ಲಿ ಟಪ್ಪೆಂದು ಮುರಿಯುತ್ತದೆ. ಪುಲ್ಲರಿನ ಕೊಕ್ಕೆ ನೆಲದಿಂದ ಒಂದೂವರೆ ಅಡಿಗಿಂತ ಮೇಲೆ ಹೋಗಬಾರದು, ಎಳೆಯುವ ದಿಕ್ಕಿಗೆ ಕಂಬಕ್ಕೆ ಓರೆಯಾಗಿ ಒತ್ತುಗಲ್ಲು ಇರಬೇಕು. ಮೂಲೆ ಕಂಬಕ್ಕೆ ಎರಡೂ ದಿಕ್ಕಿನಲ್ಲಿ ಒತ್ತುಗಲ್ಲು ಇಲ್ಲದ ಬೇಲಿ ಮೂರನೇ ವರ್ಷಕ್ಕೆ ವಾಲದೆ ಇರುವುದಿಲ್ಲ. ಮುರಿದ ಕಲ್ಲಿನ ಬುಡ ಅಗೆದು ತೆಗೆಯುವ ಗೋಜು ಬೇಡ, ಒಂದಡಿ ಪಕ್ಕಕ್ಕೆ ಹೊಸ ಗುಂಡಿ ತೋಡಿ ನೆಟ್ಟರಾಯಿತು. ಗುಂಡಿಗೆ ಬರಿ ಕೆಂಪು ಮಣ್ಣು ತುಂಬಿದರೆ ಮೊದಲ ಮಳೆಗೆ ಕಂಬ ಆಡುತ್ತದೆ. ಕಲ್ಲುಚೂರು, ಗರಸು ಹಾಕಿ ಆರಿಂಚಿಗೊಮ್ಮೆ ಹಾರೆಯಿಂದ ದಮ್ಮಸು ಮಾಡಿ.

ಕೆಳಗಿನ ಒಂದಡಿ ಈ ಬೇಲಿಯ ಬಡವಾದ ಭಾಗ. ಕಾಡುಹಂದಿ ಜಾಲರಿ ಹರಿಯುವುದಿಲ್ಲ, ಮೂತಿ ತೂರಿಸಿ ಎತ್ತುತ್ತದೆ. ಕೆಳಗಿನ ಅಡ್ಡ ತಂತಿ 12 ಗೇಜ್ ಇದ್ದರೆ ಬಾಗಿಸಿ ನುಗ್ಗುತ್ತದೆ. 10 ಗೇಜ್ ಹಾಕಿ, ಕಂಬ ಕಂಬದ ನಡುವೆ ಎರಡಡಿಯ ಸರಳನ್ನು ಕೊಕ್ಕೆ ಮಾಡಿ ನೆಲಕ್ಕೆ ಬಡಿದು ತಂತಿಯನ್ನು ಹಿಡಿಸಿದ ಮೇಲೆ ನುಗ್ಗುವುದು ಬಹುಮಟ್ಟಿಗೆ ನಿಂತಿದೆ. 10 ಗೇಜ್ ತಂತಿ ಒಂದು ಕೆ.ಜಿ.ಗೆ ಸರಿಸುಮಾರು 50 ಅಡಿ, ಒಂದು ರೋಲಿನುದ್ದಕ್ಕೆ ಒಂದು ಕೆ.ಜಿ. ಎಂದು ನೆನಪಿಟ್ಟುಕೊಂಡರೆ ಲೆಕ್ಕ ಸುಲಭ. ನವಿಲು, ಕೋತಿಗಳಿಗೆ ಈ ಬೇಲಿ ಕೂರುವ ಜಗಲಿ, ಆ ಮಾತು ಬಿಡಿ.

ತುಕ್ಕು ಕಾಣಿಸಿದ್ದು ಮೂರೇ ಕಡೆ. ತಿಪ್ಪೆ ಬೇಲಿಗೆ ತಾಗಿದ ಜಾಗ, ಗೊಬ್ಬರದ ಚೀಲ ಒರಗಿಸಿದ ಜಾಗ, ಬೇಸಿಗೆಯಲ್ಲಿ ಬದುವಿನ ಹುಲ್ಲಿಗೆ ಬೆಂಕಿ ಇಟ್ಟ ಜಾಗ. ಸಗಣಿ ಗಂಜಲ, ರಾಸಾಯನಿಕ ಗೊಬ್ಬರದ ಉಪ್ಪು ಸತುವನ್ನು ತಿನ್ನುತ್ತವೆ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಒಣಹುಲ್ಲಿನ ಬೆಂಕಿ ಅದಕ್ಕಿಂತ ಬಿಸಿ. ಪಕ್ಕದ ಹೊಲದವರಿಗೆ ಹೇಳಿ ಬದುವಿನಲ್ಲಿ ಮೂರಡಿ ಹುಲ್ಲು ಕೊಯ್ಸಿಡುವುದು ಬೇಲಿಗೆ ಮಾಡುವ ದೊಡ್ಡ ಉಪಕಾರ. ತುಕ್ಕು ಹಿಡಿದ ಕೆಳಗಿನ ಆರಿಂಚನ್ನು ಒಂದೇ ಸಲ ಕತ್ತರಿಸಿ ಬಿಸಾಡಲು ಹೋಗಬೇಡಿ. ಎಳೆಗಳೆಲ್ಲ ಕೊಕ್ಕೆ ಕಳೆದುಕೊಂಡು ಗಾಳಿಗೆ ತಾವೇ ತಿರುಗಿ ಬಿಚ್ಚಿಕೊಳ್ಳುತ್ತವೆ. ಎರಡೆರಡೇ ಎಳೆ ಕತ್ತರಿಸಿ, ಅವನ್ನು ಒಂದಕ್ಕೊಂದು ಕೊಕ್ಕೆ ಹಾಕಿ, ಆಮೇಲೆ ಮುಂದಕ್ಕೆ. ಕತ್ತರಿಸಿದ ತುದಿಗೆ ಸತು ಹೆಚ್ಚಿರುವ ಪ್ರೈಮರ್ ಹಚ್ಚಿ. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪೇಂಟ್ ಅದರ ಕೆಲಸ ಮಾಡುವುದಿಲ್ಲ. ಹಾಗಲ, ತೊಂಡೆ ಬಳ್ಳಿ ಹಬ್ಬಿಸುವುದೂ ಬೇಡ. ತುಂಬಿದ ಬಳ್ಳಿಗೆ ಗಾಳಿ ಬಡಿದರೆ ಬೇಲಿ ಹಾಯಿಯಾಗುತ್ತದೆ.

ಹೊಸದಾಗಿ ಕೊಳ್ಳುವವರಿಗೆ: ತಂತಿಯ ದಪ್ಪ ಅಳೆಯುವ ವರ್ನಿಯರ್ ಇಟ್ಟುಕೊಂಡೇ ಅಂಗಡಿಗೆ ಹೋಗಿ. 12 ಗೇಜ್ ಅಂದರೆ 2.64 ಮಿ.ಮೀ. 2.4 ಬಂದರೆ ಕಣ್ಣಿಗೆ ವ್ಯತ್ಯಾಸ ಕಾಣದು, ಉಕ್ಕು ಮಾತ್ರ ಶೇ 17ರಷ್ಟು ಕಡಿಮೆ. ಎರಡಿಂಚಿನ ಕಣ್ಣು, ಐದಡಿ, 50 ಅಡಿಯ ರೋಲ್ 40ರಿಂದ 44 ಕೆ.ಜಿ. ತೂಗಬೇಕು. 34–35 ತೂಗಿದರೆ ಗೇಜ್ ಕಮ್ಮಿ, ಕಣ್ಣು ದೊಡ್ಡದು, ಇಲ್ಲ ಉದ್ದ ಕಮ್ಮಿ. ಕೆ.ಜಿ. ಲೆಕ್ಕದಲ್ಲಿ ಕೊಂಡರೆ ಈ ಮೋಸಕ್ಕೆ ಎಡೆಯಿಲ್ಲ, ಅಡಿ ಲೆಕ್ಕದಲ್ಲಿ ಪೂರ್ತಿ ನಿಮ್ಮ ತಲೆಗೆ. ಹಸಿರು ಪಿ.ವಿ.ಸಿ. ಹೊದ್ದ ಜಾಲರಿಯಲ್ಲಿ ಪ್ಲಾಸ್ಟಿಕ್ ಸೇರಿಸಿ ಗೇಜ್ ಹೇಳುವ ರೂಢಿಯುಂಟು, ಒಂದು ತುದಿ ಕೆರೆದು ಒಳಗಿನ ತಂತಿ ಅಳೆಯಿರಿ. ಅದರಲ್ಲಿ ತುಕ್ಕು ಹೊದಿಕೆಯ ಒಳಗೇ ಬೆಳೆಯುತ್ತದೆ, ಗೊತ್ತಾಗುವಾಗ ಹೊತ್ತು ಮೀರಿರುತ್ತದೆ. ತೋಟಕ್ಕೆ ಬರಿ ಜಿ.ಐ. ಮೇಲು.

ಬಿರುಗಾಳಿಯ ಮಾರನೇ ದಿನ ಬೇಲಿ ಮುಟ್ಟುವ ಮೊದಲು ಉದ್ದಕ್ಕೂ ನಡೆದು ಪಂಪ್‌ಸೆಟ್‌ನ ಸರ್ವಿಸ್ ವೈರ್ ಎಲ್ಲಾದರೂ ಬಿದ್ದಿದೆಯೇ ನೋಡಿ. 1,200 ಅಡಿಯೂ ಒಂದೇ ಲೋಹ, ಒಂದು ಮೂಲೆಗೆ ಬಂದ ಕರೆಂಟ್ ಇನ್ನೊಂದು ಮೂಲೆಯಲ್ಲೂ ಇರುತ್ತದೆ. ತಂತಿ ತಾಗಿದ್ದರೆ ಲೈನ್‌ಮನ್ ಬಂದು ಲೈನ್ ತೆಗೆಯುವ ತನಕ ದೂರವೇ ಇರಿ.

ಇನ್ನೂ ಪೂರ್ತಿ ಬಗೆಹರಿಯದ್ದು ಮಳೆನೀರಿನ ಕಾಲುವೆ ದಾಟುವ ಎಂಟಡಿ. ಅಕ್ಟೋಬರ್ ಮಳೆಗೆ ಕಸಕಡ್ಡಿ ಜಾಲರಿಗೆ ಅಡ್ಡ ಬಿದ್ದು ಎರಡು ಸಲ ಕಂಬ ಸಮೇತ ಕಿತ್ತು ಹೋಗಿದೆ. ಈಗ ಮುಖ್ಯ ಜಾಲರಿಯನ್ನು ಏರಿಯ ಮಟ್ಟಕ್ಕೇ ನಿಲ್ಲಿಸಿ, ಕೆಳಗೆ ಬೇರೆಯೇ ಒಂದು ತುಂಡನ್ನು ಕೆಳ ಅಡ್ಡ ತಂತಿಗೆ ಸಡಿಲ ಉಂಗುರಗಳಲ್ಲಿ ತೂಗುಬಿಟ್ಟಿದೆ, ತುದಿಗೆ ಭಾರಕ್ಕೆ ಒಂದು ಸರಳು. ನೀರು ಬಂದಾಗ ಬಾಗಿಲಿನಂತೆ ಎದ್ದು ಕಸವನ್ನು ಆಚೆಗೆ ಬಿಡುತ್ತದೆ, ಇಳಿದಾಗ ತಾನೇ ಬೀಳುತ್ತದೆ. ಹೋದ ವರ್ಷದ ಮಳೆ ತಡೆದಿದೆ. ಹಂದಿಗೆ ಇದರ ಗುಟ್ಟು ತಿಳಿಯದಿರಲೆಂದು ನೀರಿಲ್ಲದ ದಿನಗಳಲ್ಲಿ ಸರಳಿನ ಮೇಲೆ ನಾಲ್ಕು ಕಲ್ಲು ಹೇರಿಡಬೇಕು, ಮಳೆ ಮೋಡ ಕಂಡ ಕೂಡಲೇ ತೆಗೆಯಬೇಕು.