ವೈಫೈಗೆ ಇನ್ನೊಂದು ಡಿವೈಸ್ ಸೇರ್ತಿಲ್ಲ ಅಂತ ರೌಟರ್‌ಗೆ ಪಿನ್ ಚುಚ್ಚೋಕೆ ಮುಂಚೆ ಇದನ್ನ ಓದಿ

ಮೊದಲೇ ಹೇಳಿಬಿಡ್ತೀನಿ, ನಾನು ಮಾಡಿದ ಹಾಗೆ ಮಾಡಬೇಡಿ. ಎರಡು ವಾರ ಒದ್ದಾಡಿ, ಬೇಡದೇ ಇರೋ ಒಂದು ರೌಟರ್ ಕೊಂಡು, ಮಗಳ ಟ್ಯಾಬ್ ಖಾಲಿ ಮಾಡಿ, ಎರಡು ದಿನ ಇಡೀ ಮನೆಗೆ ನೆಟ್ ಇಲ್ಲದ ಹಾಗೆ ಮಾಡಿದ ಮೇಲೆ ಗೊತ್ತಾಗಿದ್ದು ಏನಂದ್ರೆ ಕೆಲಸ ಇದ್ದಿದ್ದು ಐದೇ ನಿಮಿಷದ್ದು.

ಶುರುವಾಗಿದ್ದು ಹೀಗೆ. ಪರೀಕ್ಷೆ ಅಂತ ಮಗಳ ಟ್ಯಾಬ್‌ನ ಒಂದು ತಿಂಗಳು ಕಪಾಟಲ್ಲಿ ಇಟ್ಟಿದ್ವಿ. ಅದೇ ತಿಂಗಳು ಮನೆಗೆ ಎರಡು ಕ್ಯಾಮೆರಾ, ಇನ್ನೊಂದು ಟಿವಿ ಬಂತು. ಪರೀಕ್ಷೆ ಮುಗೀತು, ಟ್ಯಾಬ್ ಆನ್ ಮಾಡಿದ್ರೆ ವೈಫೈ ಹೆಸರು ಕಾಣುತ್ತೆ, ಪಾಸ್‌ವರ್ಡ್ ತಗೊಳ್ಳುತ್ತೆ, ಆಮೇಲೆ "ಐಪಿ ಅಡ್ರೆಸ್ ಪಡೆಯಲಾಗುತ್ತಿದೆ" (ರೌಟರ್ ಒಂದೊಂದು ಡಿವೈಸ್‌ಗೂ ಕೊಡೋ ನಂಬರ್ ಇದು) ಅಂತ ತಿರುಗ್ತಾನೇ ಇರುತ್ತೆ, ಕೊನೆಗೆ ಸುಮ್ನೆ ಬಿಟ್ಟುಬಿಡುತ್ತೆ. ಉಳಿದವೆಲ್ಲ ಚೆನ್ನಾಗೇ ಓಡ್ತಿವೆ. ಹಾಗಾದ್ರೆ ತಪ್ಪು ಟ್ಯಾಬ್‌ದೇ ಅಲ್ವಾ? ನಾನೂ ಹಾಗೇ ಅಂದ್ಕೊಂಡೆ.

ರೌಟರ್ ಆಫ್ ಮಾಡಿ ಆನ್ ಮಾಡಿದೆ, ಟ್ಯಾಬ್ ತಕ್ಷಣ ಸೇರಿಕೊಳ್ತು. ಖುಷಿಯಾಯ್ತು. ಸಂಜೆ ನೋಡಿದ್ರೆ ಒಂದು ಕ್ಯಾಮೆರಾ ಸತ್ತಿದೆ. ಮತ್ತೆ ಆಫ್ ಆನ್, ಕ್ಯಾಮೆರಾ ಬಂತು, ಪ್ರಿಂಟರ್ ಹೋಯ್ತು. ಮ್ಯೂಸಿಕಲ್ ಚೇರ್ ಆಟ ಇದ್ದ ಹಾಗೆ, ಯಾವಾಗಲೂ ಯಾವುದೋ ಒಂದು ಹೊರಗೆ. ನಿಮ್ಮನೇಲಿ ಹೀಗಾಗ್ತಿದ್ರೆ ಇಲ್ಲೇ ನಿಲ್ಲಿ, ಡಿವೈಸ್ ಕೆಟ್ಟಿಲ್ಲ, ಕುರ್ಚಿ ಕಮ್ಮಿ ಇದೆ ಅಂತ ಅರ್ಥ. ನನಗೆ ಅಷ್ಟು ಬುದ್ಧಿ ಓಡಲಿಲ್ಲ. ಟ್ಯಾಬ್‌ನ ಒಬ್ಬರ ಹತ್ರ ತಗೊಂಡು ಹೋದೆ, ಅವರು ಸಾಫ್ಟ್‌ವೇರ್ ಪ್ರಾಬ್ಲಂ ಸಾರ್ ಅಂತ ಫ್ಯಾಕ್ಟರಿ ರೀಸೆಟ್ ಒತ್ತಿಬಿಟ್ರು, ಬ್ಯಾಕಪ್ ಇದೆಯಾ ಅಂತ ಅವರೂ ಕೇಳಲಿಲ್ಲ ನಾನೂ ಹೇಳಲಿಲ್ಲ.

ಮನೆಗೆ ತಂದ್ರೆ ಅದೇ ಕಥೆ.

ಆಮೇಲೆ ಯಾರೋ ವೈಫೈ ಹೆಸರು ಬದಲಾಯಿಸಿ ನೋಡಿ ಅಂದ್ರು. ಬದಲಾಯಿಸಿದೆ. ಟಿವಿ, ಕ್ಯಾಮೆರಾಗಳಿಗೆ ಒಂದೊಂದಕ್ಕೂ ಹೊಸ ಹೆಸರು ಹಾಕಿ ಕೂರಿಸಿದೆ, ಅವು ಬಂದ್ವು, ಆದ್ರೆ ಮನೇಲಿದ್ದ ಮೂರೂ ಫೋನು ಹೋದ್ವು! ಇದರ ಕಾರಣ ಆಮೇಲೆ ತಿಳೀತು. ಈಗಿನ ಫೋನುಗಳು, ಆಂಡ್ರಾಯ್ಡ್‌ನಲ್ಲಿ 2019ರ ಆಂಡ್ರಾಯ್ಡ್ 10ರಿಂದ, ಐಫೋನ್‌ನಲ್ಲಿ 2020ರ ಐಓಎಸ್ 14ರಿಂದ, ಒಂದೊಂದು ವೈಫೈ ಹೆಸರಿಗೂ ಒಂದೊಂದು ಬೇರೆ ಮ್ಯಾಕ್ ಅಡ್ರೆಸ್ (ರೌಟರ್ ಡಿವೈಸ್‌ನ ಗುರುತು ಹಿಡಿಯೋ ನಂಬರ್) ತೋರಿಸ್ತವೆ, ಪ್ರೈವೆಸಿಗೋಸ್ಕರ. ಹೆಸರು ಬದಲಾದ್ರೆ ರೌಟರ್ ಕಣ್ಣಿಗೆ ಅದು ಹೊಸ ಫೋನು, ಹಳೇ ಫೋನಿನ ಜಾಗ ಇನ್ನೂ ರಿಸರ್ವ್ ಆಗೇ ಇರುತ್ತೆ.

ಅಮ್ಮನ ಫೋನೂ ಹೋಯ್ತು ಅಂದಮೇಲೆ ಮನೇಲಿ ಗಲಾಟೆ. ಆ ಗಾಬರೀಲಿ ರೌಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ಒತ್ತಿ ಹಿಡಿದೆ. ಮಾಡಿದ್ದರಲ್ಲಿ ದೊಡ್ಡ ದಡ್ಡತನ ಇದೇ. ಆ ಬಟನ್ ಒತ್ತಿದ್ರೆ ವೈಫೈ ಪಾಸ್‌ವರ್ಡ್ ಅಷ್ಟೇ ಅಲ್ಲ, ನೆಟ್ ಕಂಪನಿಯವರು ಕೂರಿಸಿದ ಪಿಪಿಪಿಓಇ (ರೌಟರ್ ಅವರ ನೆಟ್‌ಗೆ ಲಾಗಿನ್ ಆಗೋ ವ್ಯವಸ್ಥೆ) ಯೂಸರ್ ನೇಮ್, ಪಾಸ್‌ವರ್ಡ್ ಎಲ್ಲಾ ಅಳಿಸಿ ಹೋಗುತ್ತೆ. ನಾನು ಎಲ್ಲೂ ಬರೆದಿಟ್ಟಿರಲಿಲ್ಲ. ಹೆಲ್ಪ್‌ಲೈನ್‌ಗೆ ಫೋನ್ ಮಾಡಿದ್ರೆ ಕಂಪ್ಲೇಂಟ್ ತಗೊಂಡ್ರು, ಯಾರೂ ಬರಲಿಲ್ಲ. ಎರಡನೇ ದಿನ ರಾತ್ರಿ ಹಳೇ ಲ್ಯಾಪ್‌ಟಾಪ್‌ನಲ್ಲಿ ರೌಟರ್‌ನ ಬ್ಯಾಕಪ್ ಫೈಲ್ ಒಂದು ಸಿಕ್ತು, ಅದನ್ನ ರೀಸ್ಟೋರ್ ಮಾಡಿದೆ, ನೆಟ್ ಬಂತು. ಜೊತೆಗೆ ಹಳೇ ಕಾಯಿಲೆಯೂ ಬಂತು, ಯಾಕಂದ್ರೆ ಕಾಯಿಲೆ ಇದ್ದಿದ್ದೇ ಆ ಫೈಲ್‌ನಲ್ಲಿ.

ಹೆಲ್ಪ್‌ಲೈನ್‌ನವರು ಮತ್ತೆ ಸಿಕ್ಕಾಗ ಹೇಳಿದ್ದು "ನಿಮ್ಮ ರೌಟರ್ ಹಳೇದು ಸರ್, ಇಷ್ಟು ಡಿವೈಸ್ ತಡ್ಕೊಳಲ್ಲ". ಸರಿ ಅಂತ ಹೊಸದು ತಂದೆ. ಹಳೇದನ್ನ ತೆಗೀಲೂ ಇಲ್ಲ, ಎರಡಿದ್ರೆ ಒಳ್ಳೇದಲ್ವಾ ಅಂತ ಒಂದರ ಲ್ಯಾನ್ ಪೋರ್ಟಿಂದ (ಮನೆಯ ಡಿವೈಸ್‌ಗಳಿಗೆ ಕೇಬಲ್ ಹಾಕೋ ಜಾಗ) ಇನ್ನೊಂದರ ಲ್ಯಾನ್ ಪೋರ್ಟಿಗೆ ಕೇಬಲ್ ಚುಚ್ಚಿದೆ. ಎರಡರ ಅಡ್ರೆಸ್ಸೂ 192.168.1.1, ಎರಡೂ ಮನೆಗೆಲ್ಲ ಐಪಿ ಹಂಚೋಕೆ ಶುರು ಮಾಡಿದ್ವು, ಯಾವ ಡಿವೈಸ್ ಯಾವುದರ ಹತ್ರ ಹೋಗ್ತಿದೆ ಅಂತಾನೇ ಗೊತ್ತಿಲ್ಲ. ಫುಲ್ ಸಿಗ್ನಲ್, ನೆಟ್ ಮಾತ್ರ ಒಂದ್ ನಿಮಿಷ ಇದ್ರೆ ಒಂದ್ ನಿಮಿಷ ಇಲ್ಲ. ಸೆಟ್ಟಿಂಗ್ಸ್ ಪೇಜ್ ತೆರೆದ್ರೆ ಒಮ್ಮೆ ಹಳೇ ರೌಟರ್‌ದು, ಇನ್ನೊಮ್ಮೆ ಹೊಸದರದ್ದು. ಮೊದಲು ಒಂದೇ ಡಿವೈಸ್‌ಗೆ ನೆಟ್ ಇರಲಿಲ್ಲ, ಈಗ ಯಾವುದಕ್ಕೂ ಸರಿಯಾಗಿಲ್ಲ.

ಭಾನುವಾರ ಅಕ್ಕನ ಮಗ ಬಂದ. ಮೊದಲು ಹೊಸ ರೌಟರ್ ಕೇಬಲ್ ಕಿತ್ತು ಪಕ್ಕಕ್ಕಿಟ್ಟ. ಅವನ ಲ್ಯಾಪ್‌ಟಾಪೂ ಸೇರಲಿಲ್ಲ, ಆದ್ರೆ ಅವನು ರೌಟರ್ ಮುಟ್ಟಲಿಲ್ಲ, ಲ್ಯಾಪ್‌ಟಾಪಲ್ಲಿ ಐಪಿಕಾನ್ಫಿಗ್ ಅಂತ, ಅದರ ಐಪಿ ಅಡ್ರೆಸ್ ತೋರಿಸೋ ಕಮಾಂಡ್, ಟೈಪ್ ಮಾಡಿದ. 169.254ರಿಂದ ಶುರುವಾಗೋ ಅಡ್ರೆಸ್ ಬಂತು. ರೌಟರ್‌ನಿಂದ ಯಾವ ಅಡ್ರೆಸ್ಸೂ ಸಿಗದೇ ಇದ್ದಾಗ ಕಂಪ್ಯೂಟರ್ ತಾನೇ ಹಾಕ್ಕೊಳ್ಳೋ ಅಡ್ರೆಸ್ ಅದಂತೆ. ಆಮೇಲೆ ಲ್ಯಾಪ್‌ಟಾಪ್‌ಗೆ ಕೈಯಾರೆ 192.168.1.50 ಅಂತ ಅಡ್ರೆಸ್ ಕೊಟ್ಟು, ಗೇಟ್‌ವೇ, ಅಂದ್ರೆ ಹೊರಗಿನ ನೆಟ್‌ಗೆ ದಾರಿ ಕೊಡೋ ರೌಟರ್‌ನ ಅಡ್ರೆಸ್, 192.168.1.1 ಹಾಕಿದ, ನೆಟ್ ಬಂದೇಬಿಡ್ತು. ಅಲ್ಲಿಗೆ ವೈಫೈ, ಸಿಗ್ನಲ್, ನೆಟ್ ಕಂಪನಿ ಎಲ್ಲಾ ಸರಿಯಾಗಿವೆ, ಅಡ್ರೆಸ್ ಹಂಚೋ ಕಡೆ ಮಾತ್ರ ಎಡವಟ್ಟು ಅಂತ ಪ್ರೂವ್ ಆಯ್ತು. ಹಳೇ ರೌಟರ್‌ನಲ್ಲಿ ಡಿಎಚ್‌ಸಿಪಿ (ಅಡ್ರೆಸ್ ಹಂಚೋ ವ್ಯವಸ್ಥೆ) ಪೇಜ್ ತೆರೆದು ನನ್ನ ಮುಖ ನೋಡಿದ.

"ಮಾಮ, ಇದನ್ನ ಹತ್ತಕ್ಕೆ ಕಟ್ ಮಾಡಿದ್ದು ಯಾರು?"

ಶುರು 192.168.1.100, ಕೊನೆ 192.168.1.109. ಕಟ್ ಮಾಡಿದ್ದು ನಾನೇ! ಎಷ್ಟೋ ವರ್ಷದ ಹಿಂದೆ, ಹತ್ತೇ ಅಡ್ರೆಸ್ ಇಟ್ರೆ ಪಕ್ಕದವರು ನಮ್ಮ ವೈಫೈ ಕದಿಯೋಕಾಗಲ್ಲ ಅಂತ ಎಲ್ಲೋ ಓದಿ ಮಾಡಿ ಮರೆತಿದ್ದೆ (ಅದರಿಂದ ಕಳ್ಳರಿಗೇನೂ ತಡೆ ಇಲ್ಲ, ಅವನು ಮಾಡಿದ ಹಾಗೇ ಕೈಯಾರೆ ಅಡ್ರೆಸ್ ಹಾಕ್ಕೊಂಡ್ರೆ ಮುಗೀತು). ಲೀಸ್ ಟೈಮ್ (ಕೊಟ್ಟ ಅಡ್ರೆಸ್ ಹಿಡಿದಿಡೋ ಅವಧಿ) ಬೇರೆ 7 ದಿನ. ಒಂದ್ಸಲ ಬಂದುಹೋದ ಫೋನಿಗೂ ವಾರವಿಡೀ ಕುರ್ಚಿ ಕಾದಿಟ್ಟಿರುತ್ತೆ. ಮೂರು ಫೋನು, ಎರಡು ಲ್ಯಾಪ್‌ಟಾಪು, ಎರಡು ಟಿವಿ, ಎರಡು ಕ್ಯಾಮೆರಾ, ಒಂದು ಪ್ರಿಂಟರ್, ಹತ್ತು ಭರ್ತಿ. ಟ್ಯಾಬ್ ಹನ್ನೊಂದನೇದು.

ಕೊನೆ ಅಡ್ರೆಸ್‌ನ 192.168.1.200 ಮಾಡಿ ಲೀಸ್ 24 ಗಂಟೆಗೆ ಇಳಿಸಿದ, ಎಲ್ಲಾ ಒಳಗೆ ಬಂದ್ವು. ಹೊಸ ರೌಟರ್‌ನ ಹಿಂದಿರುಗಿಸೋಕೆ ಆಗಲಿಲ್ಲ, ಅದನ್ನ ಬೇರೆಯಾಗಿ ತೆರೆದು ಡಿಎಚ್‌ಸಿಪಿ ಆಫ್ ಮಾಡಿ, ಅಡ್ರೆಸ್ 192.168.1.2 ಕೊಟ್ಟು, ಆಮೇಲೆ ಅದೇ ಲ್ಯಾನ್ ಟು ಲ್ಯಾನ್ ಕೇಬಲ್ ಹಾಕಿದ್ವಿ. ಈಗ ಬರೀ ವೈಫೈ ಸಿಗ್ನಲ್ ಕೊಡೋ ಆಕ್ಸೆಸ್ ಪಾಯಿಂಟ್ ಆಗಿ ಮಹಡಿ ಮೇಲೆ ಕೂತಿದೆ.

ಅಂದ ಹಾಗೆ ಎಲ್ಲಾ ಕೇಸೂ ಇದೇ ಅಂತಲ್ಲ. ವೈಫೈ ಹೆಸರೇ ಕಾಣ್ತಿಲ್ಲ ಅಂದ್ರೆ ಡಿವೈಸ್‌ಗೆ 2.4 ಗಿಗಾಹರ್ಟ್ಜ್ ಸಿಗ್ನಲ್ ಮಾತ್ರ ಹಿಡಿಯೋದು, ನೀವು ರೌಟರ್‌ನಲ್ಲಿ 5 ಗಿಗಾಹರ್ಟ್ಜ್ ಮಾತ್ರ ಆನ್ ಇಟ್ಟಿರಬಹುದು. ಪಾಸ್‌ವರ್ಡ್ ಸರಿ ಇದ್ರೂ ಒಳಗೇ ಬಿಡ್ತಿಲ್ಲ ಅಂದ್ರೆ ಮ್ಯಾಕ್ ಫಿಲ್ಟರ್ (ಮ್ಯಾಕ್ ಅಡ್ರೆಸ್ ನೋಡಿ ಡಿವೈಸ್‌ನ ತಡೆಯೋ ಸೆಟ್ಟಿಂಗ್) ಆನ್ ಇದೆಯಾ, ಸೆಕ್ಯುರಿಟಿ ಬರೀ ಡಬ್ಲ್ಯುಪಿಎ3 (ವೈಫೈ ಭದ್ರತೆಯ ಹೊಸ ಪದ್ಧತಿ) ಆಗಿದೆಯಾ ನೋಡಿ, ಹಳೇ ಡಿವೈಸ್‌ಗಳಿಗೆ ಅದು ಗೊತ್ತಿಲ್ಲ. ಏನೇ ಇರಲಿ ಪಿನ್ ಕೈಗೆ ತಗೊಳ್ಳೋ ಮುಂಚೆ ಆ ಪಿಪಿಪಿಓಇ ಯೂಸರ್ ನೇಮ್ ಇರೋ ಪೇಜ್‌ದೊಂದು ಫೋಟೋ ಹೊಡ್ಕೊಳ್ಳಿ, ವಿಲ್ಯಾನ್ ನಂಬರ್ (ಕೆಲವು ನೆಟ್ ಕಂಪನಿಯವರು ಕನೆಕ್ಷನ್‌ಗೆ ಹಾಕೋ ಗುರುತು ನಂಬರ್) ಇದ್ರೆ ಅದನ್ನೂ ಬರ್ಕೊಳ್ಳಿ.

ಟ್ಯಾಬ್‌ನಲ್ಲಿದ್ದ ಮಗಳ ಚಿತ್ರಗಳು ಸಿಗಲಿಲ್ಲ. ರೌಟರ್‌ದು ಬ್ಯಾಕಪ್ ಇಟ್ಟಿದ್ದೆ ಪಪ್ಪಾ, ನನ್ನದ್ಯಾಕೆ ಇಡಲಿಲ್ಲ ಅಂತ ಕೇಳ್ತಾಳೆ.