ಕೊಯಿ ಕೊಳಕ್ಕೆ ಬೇಲಿಯೋ, ಉಕ್ಕಿನ ಜಾಲರಿಯೋ?

ಹಿತ್ತಲಿನಲ್ಲಿ ಕೊಯಿ ಮೀನುಗಳ ಕೊಳವಿರುವ ಮನೆಗೆ ಕೂಸು ಬಂದಾಗ, ಅದಕ್ಕೆ 6 ತಿಂಗಳು ತುಂಬುವುದರೊಳಗೆ ಬೇಲಿಯನ್ನೋ ಜಾಲರಿಯನ್ನೋ ಆರಿಸಿಕೊಳ್ಳಬೇಕು, ಏಕೆಂದರೆ 5 ಸೆಂಟಿಮೀಟರ್ ನೀರೂ ಮಗುವಿನ ಉಸಿರು ಕಟ್ಟಿಸಬಲ್ಲದು. 4 ಅಡಿ ಎತ್ತರದ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿನ ಬೇಲಿಯಿದ್ದರೆ ಮೀನಿಗೆ ಆಹಾರ ಹಾಕುವುದೂ ಫಿಲ್ಟರ್ ತೊಳೆಯುವುದೂ ಸುಲಭ. ಆದರೆ ಕೈಯಲ್ಲಿ ಬಕೆಟ್ ಹಿಡಿದು ಓಡಾಡುವವರು ಬಾಗಿಲಿಗೆ ಕಲ್ಲು ಒತ್ತಿಟ್ಟು ಮರೆತ ದಿನ ಆ ಬೇಲಿ ಇದ್ದೂ ಇಲ್ಲದಂತೆ. ನೀರಿನ ಮಟ್ಟಕ್ಕಿಂತ ಮೇಲೆ ಬಿಗಿಯಾಗಿ ಕೂರಿಸಿದ ಉಕ್ಕಿನ ಜಾಲರಿಯು ಇಂಥ ಮರೆವಿನ ಹೊತ್ತಿನಲ್ಲೂ ಮಗುವನ್ನು ಕಾಯುತ್ತದೆ, ಕೊಕ್ಕರೆಗಳಿಂದ ಮೀನುಗಳನ್ನೂ ಉಳಿಸುತ್ತದೆ. ಎಲೆ ತಡೆಯುವ ನೈಲಾನ್ ಬಲೆಯನ್ನು ಇದರ ಸಾಲಿಗೆ ಸೇರಿಸಲೇಬಾರದು, ಮಗುವಿನ ಭಾರಕ್ಕೆ ಅದು ನೀರಿನೊಳಕ್ಕೆ ಜಗ್ಗುತ್ತದೆ. ನಿದ್ದೆಗೆಟ್ಟ ತಂದೆತಾಯಿಗಳಿಗೆ ನಾನು ಜಾಲರಿಯನ್ನೇ ಸೂಚಿಸುತ್ತೇನೆ. ಅದರ ಕಣ್ಣುಗಳು ಮಗುವಿನ ತಲೆ ತೂರದಷ್ಟು ಕಿರಿದಾಗಿರಲಿ, ದೊಡ್ಡವರೊಬ್ಬರು ಮೇಲೆ ನಿಂತರೂ ಬಾಗದಿರಲಿ.